ಅರಗು ಹಚ್ಚಿದ ಮಾತು

ಹೋದ ತಿಂಗಳು ನನ್ನ ದವಡೆಹಲ್ಲೊಂದು ಕೈಕೊಟ್ಟಿತು. ಎಪ್ಪತ್ತು ದಾಟಿದವರ ಹಲ್ಲು ಕೈಕೊಡುವುದು ದೊಡ್ಡ ಸುದ್ದಿಯೇನಲ್ಲ. ಆದರೆ ನಾನು ಹಲ್ಲು ಕೀಳಿಸಿಕೊಳ್ಳುವುದೆಂದರೆ ಬೇರೆಯವರು ಹೊಟ್ಟೆ ಕೊಯ್ಸಿಕೊಂಡ ಹಾಗೆ. ಹುಟ್ಟಿನಿಂದಲೇ ನನ್ನ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ನಿಂತ ಹಾಗೆ ಮಾಡುತ್ತದೆ, ಮರುದಿನ ಮತ್ತೆ ಸುರುವಾಗುತ್ತದೆ. ಶಿಗ್ಗಾಂವದ ಹಲ್ಲಿನ ಡಾಕ್ಟರು, ನನ್ನ ಹತ್ತಿರ ಅಕ್ಷರ ಕಲಿತವಳೊಬ್ಬಳ ಮಗಳು, ಇದನ್ನು ಕೇಳಿದ್ದೇ ತಡ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು.

“ಹಳೇ ಕಾಗದ ಏನರ ಇದ್ರ ತಗೊಂಡ ಬರ್ರಿ ಅಜ್ಜಿ. ಸಣ್ಣಾಕಿ ಇದ್ದಾಗ ಯಾರು ನೋಡಿದ್ರು, ಏನು ಕೊಟ್ಟಿದ್ರು... ಒಂದು ಚೀಟಿ ಸಿಕ್ಕರೂ ನಡೀತೈತಿ.”

ಮನೆಗೆ ಬಂದು ಅವ್ವನ ಟ್ರಂಕು ತೆಗೆದೆ. ಅವ್ವ ಹೋಗಿ ಮೂವತ್ತು ವರ್ಷದ ಮೇಲಾದರೂ ಅದರ ತಳದ ತನಕ ನಾನು ಕೈ ಹಾಕಿರಲಿಲ್ಲ. ಅವಳ ಇಳಕಲ್ಲ ಸೀರೆ, ಏಳನೆಯ ತರಗತಿಯ ನನ್ನ ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟು, ಅದರ ಕೆಳಗೆ ಅರಿವೆಯ ಒಂದು ಸಣ್ಣ ಗಂಟು. ಬಿಚ್ಚಿದರೆ ತಾಯಿತ. ಕಿರುಬೆರಳಿನ ಅರ್ಧದಷ್ಟು ಉದ್ದದ ತಾಮ್ರದ ಕೊಳವೆ, ಎರಡೂ ತುದಿಗೆ ಕೆಂಪು ಅರಗು, ಬೆವರು ಕುಡಿದು ಕಡ್ಡಿಯಂತಾದ ಕರಿದಾರ. ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದೆ. ತಾಮ್ರದ ಹುಳಿವಾಸನೆ, ಅದರೊಳಗೆಲ್ಲೋ ಸುಟ್ಟ ಅರಗಿನ ವಾಸನೆ... ಅರವತ್ತು ವರ್ಷದ ಹಿಂದಿನ ದುಂಡಸಿಯ ನಮ್ಮ ಮನೆಯ ಕಟ್ಟೆಯೂ, ಅದರ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ದೇವಿ ಕಾಕಾರೂ ಕಣ್ಣ ಮುಂದೆ ಬಂದರು. ನಾನು ಟ್ರಂಕಿನ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟೆ.

ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಾನೀಗ ಯಾಕೆ ಕರೆಯಲಿ. ಮೈಲಿಬೇನೆ ಬಾರದಿರಲೆಂದು ತೋಳಿಗೆ ಲಸಿಕೆ ಕೆತ್ತುವುದನ್ನು ನಮ್ಮ ಕಡೆ ದೇವಿ ಹಾಕುವುದು ಎನ್ನುತ್ತಿದ್ದರು. ಅದನ್ನು ಹಾಕಲು ಊರೂರು ತಿರುಗುತ್ತಿದ್ದ ಸರಕಾರಿ ಮನುಷ್ಯ ಅವರು. ಸವಣೂರಿನವರು, ಮುಸಲ್ಮಾನರು. ಸೊಂಟ ಬಗ್ಗಿದ ಹಳೆಯ ಸೈಕಲ್ಲು, ಅದರ ಹಿಂದೆ ಖಾಕಿ ಚೀಲ, ಚೀಲದಲ್ಲಿ ಸ್ಪಿರಿಟ್ಟಿನ ದೀಪ, ಹತ್ತಿ, ಮತ್ತು ಹಲ್ಲುಹಲ್ಲಿನ ಸಣ್ಣ ಚಕ್ರವಿದ್ದ ಒಂದು ಆಯುಧ. ಅದನ್ನು ತೋಳಿನ ಮೇಲಿಟ್ಟು ಒಮ್ಮೆ ತಿರುವಿದರೆ ದುಂಡಗಿನ ಗಾಯ ಮೂಡುತ್ತಿತ್ತು. ಅವರ ಸೈಕಲ್ಲು ಊರ ಅಗಸಿಬಾಗಿಲು ದಾಟಿತೆಂದರೆ ಊರಿನ ಹುಡುಗರೆಲ್ಲ ಬಣವೆ ಸೇರುತ್ತಿದ್ದರು, ತಾಯಂದಿರು ಕೂಸುಗಳನ್ನು ಕೌದಿಯಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಿದ್ದರು. ಅವರಿಗೆ ಊರಲ್ಲಿ ಯಾರೂ ‘ಬರ್ರಿ, ಕೂಡ್ರಿ’ ಅಂದದ್ದನ್ನು ನಾನು ಕೇಳಿಲ್ಲ.

ನನ್ನನ್ನೂ ಅವ್ವ ಏಳು ವರ್ಷ ಮುಚ್ಚಿಟ್ಟಿದ್ದಳು. ನಾನು ಹುಟ್ಟಿ ಹೊಕ್ಕಳಬಳ್ಳಿ ಬಿದ್ದ ಮೇಲೆ ವಾರಗಟ್ಟಲೆ ರಕ್ತ ಒಸರಿತ್ತಂತೆ. ಸೂಲಗಿತ್ತಿ ಕೈಚೆಲ್ಲಿದ್ದಳಂತೆ. ಅವ್ವನಿಗೆ ಅಪ್ಪ ಸ್ವಂತ ಸೋದರಮಾವ. ‘ಒಳಗಿಂದೊಳಗ ಕೊಟ್ಟು ತಗೊಂಡರ ಹಿಂಗ ಆಕ್ಕೇತಿ’ ಎಂದು ಹೇಳುವವರೂ ಇದ್ದರು, ಹೇಳಿದವರ ಮನೆಯಲ್ಲೂ ಅಂಥದೇ ಸಂಬಂಧಗಳಿದ್ದವು. ಅಂತೂ ನಾನು ಬದುಕಿದೆ. ಅಂದಿನಿಂದ ಮುಳ್ಳು, ಸೂಜಿ, ಕುಡುಗೋಲು ಯಾವುದೂ ನನ್ನ ಹತ್ತಿರ ಸುಳಿಯದಂತೆ ಅವ್ವ ಕಾಯ್ದಳು. ಮುಂದೆ ಶಾಲೆಗೆ ಕಳಿಸಲೇಬೇಕಾಯಿತು. ಒಂದು ದಿನ ದೇವಿ ಕಾಕಾ ನೇರ ಶಾಲೆಗೇ ಬಂದು, ಬಾಗಿಲು ಹಾಕಿಸಿ, ಸಾಲಾಗಿ ನಿಲ್ಲಿಸಿ ಎಲ್ಲರ ತೋಳಿಗೂ ಕೆತ್ತಿಬಿಟ್ಟರು. ನಾನು ಅಳಲಿಲ್ಲ. ಧೈರ್ಯವಂತೆ ಎಂದು ಹೊಗಳಿಸಿಕೊಂಡೆ.

ಮರುದಿನ ಗಾಯ ಮತ್ತೆ ಒಸರತೊಡಗಿತು. ಅವ್ವ ಅರಿಷಿಣ ಹಚ್ಚಿದಳು, ಜೇಡರಬಲೆ ಇಟ್ಟಳು. ಮೂರನೆಯ ದಿನಕ್ಕೆ ನನ್ನ ಕುಪ್ಪಸದ ತೋಳು ಗಟ್ಟಿ ಹಲಗೆಯಾಗಿತ್ತು. ದೇವಿ ಹಾಕುವವರು ಎಂಟನೆಯ ದಿನ ಹೊಳ್ಳಿ ಬಂದು, ಹಾಕಿದ್ದು ಎದ್ದಿದೆಯೋ ಇಲ್ಲವೋ ನೋಡಿ ಬರೆದುಕೊಳ್ಳುವುದು ಪದ್ಧತಿ. ಇವರು ಎಂಟನೆಯ ದಿನಕ್ಕೆ ಕಾಯಲಿಲ್ಲ. ಪಕ್ಕದ ಊರಲ್ಲಿ ಯಾರ ಬಾಯಿಂದಲೋ ಸುದ್ದಿ ಕೇಳಿ, ಮೂರನೆಯ ದಿನವೇ ಬೆಳಿಗ್ಗೆ ನಮ್ಮ ಕಟ್ಟೆಗೆ ಸೈಕಲ್ಲು ಆನಿಸಿದರು.

“ನೀವ ಕೆತ್ತಿದ್ದು, ನೀವ ನಿಲ್ಲಸ್ರಿ!” ಎಂದು ಅವ್ವ ನನ್ನನ್ನು ಅವರ ಮುಂದೆ ದೂಡಿದಳು.

“ನಿಲ್ಲಸ್ತೇನವ್ವಾ. ನಿಲ್ಲೂ ತನಕ ಇಲ್ಲಿಂದ ಏಳೂದಿಲ್ಲ.”

ಹಾಗೆಯೇ ಮಾಡಿದರು. ಹತ್ತಿ ಇಟ್ಟು, ಮೇಲೆ ಬಟ್ಟೆಯ ಮಡಿಕೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತರು. ಕಟ್ಟೆಯ ನೆರಳು ಬೀದಿಗೆ ಹೋಗಿ, ಬಿಸಿಲು ನಮ್ಮ ಕಾಲಿಗೆ ಬಂದು, ಮತ್ತೆ ಗೋಡೆಗೆ ಏರುವ ತನಕ ಕೂತರು. ನನಗೆ ಅವರ ಮೇಲೆ ಸಿಟ್ಟಿತ್ತು. ಅವರು ಒಮ್ಮೆ ಮಾತ್ರ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: “ಒಂದು ಊರಿಗೆ ನಾನು ಹೊಳ್ಳಿ ಹೋಗಲಿಲ್ಲವ್ವಾ. ಹಳ್ಳ ಬಂದಿತ್ತು. ನಾಳೆ ಹೋದರಾತು ಅಂದೆ...” ಹತ್ತಿ ಬದಲಿಸಿ ಮತ್ತೆ ಒತ್ತಿದರು. ಆ ಊರು ಯಾವುದು, ಅಲ್ಲಿ ಅವರ ಕೈ ತಪ್ಪಿದ ಮಗು ಯಾರದು, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ದಿನ ನಿಂತದ್ದು ಮತ್ತೆ ಹರಿಯಿತು, ತೋಳು ಬಾತು ನೀಲಿಗಟ್ಟಿತು. ಅವರೇ ಅಪ್ಪನನ್ನು ಒಪ್ಪಿಸಿ ನಮ್ಮನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಹೊಸ ರಕ್ತ ಕೊಡಬೇಕೆಂದರು. ಅಪ್ಪ ಒಂದು ಕೋಣೆಗೆ ಹೋಗಿ ಮೊಳಕೈಗೆ ಹತ್ತಿ ಕಟ್ಟಿಸಿಕೊಂಡು ಬಂದದ್ದು ನೆನಪಿದೆ. ಮೇಲಿಂದ ತೂಗುಬಿಟ್ಟ ಬಾಟ್ಲಿಯಿಂದ ನನ್ನ ಕೈಗೆ ಕೆಂಪು ಹನಿಹನಿಯಾಗಿ ಇಳಿದದ್ದು ನೆನಪಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕಿಡಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಅಪ್ಪ ಶಿಗ್ಗಾಂವದಲ್ಲಿ ಇಳಿದ ಮೇಲೆ ಅವರನ್ನು ಕೈಹಿಡಿದು ಹೋಟೆಲಿಗೆ ಕರೆದೊಯ್ದು ಬಿಸಿ ಹಾಲು ಕುಡಿಸಿದ. ಜಿಪುಣನಾದ ಅಪ್ಪ ಹಾಲು ಕುಡಿಸಿದ್ದೇ ನನಗೆ ದೊಡ್ಡ ಸೋಜಿಗ. ಆಮೇಲೆ ನಾನು ಯಾವಾಗ ಹಟ ಮಾಡಿದರೂ ಅವ್ವ, “ಅಪ್ಪನ ರಕ್ತ ಹೊಕ್ಕೇತಿ, ಸಿಟ್ಟೂ ಅವನದ ಬಂದೈತಿ” ಎಂದು ಅಣಕಿಸುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ಬದುಕಿ ಬಂದೆ, ಆದರೆ ಶಾಲೆಯಲ್ಲಿ ಸತ್ತವಳ ಹಾಗೆ ಬಿಟ್ಟರು. ನನ್ನನ್ನು ಮುಟ್ಟಿದರೆ ರಕ್ತ ಬರುತ್ತದೆಂದು ಯಾರೋ ಹಬ್ಬಿಸಿದ್ದರು. ಕುಂಟಾಟಕ್ಕೆ ಕರೆಯುತ್ತಿರಲಿಲ್ಲ, ಪಕ್ಕದಲ್ಲಿ ಕೂಡುತ್ತಿರಲಿಲ್ಲ. ಮಾಸ್ತರರು ಎಲ್ಲರಿಗೂ ಬಡಿದು ನನಗೆ ಮಾತ್ರ ಬಡಿಯದೆ ಬಿಡುತ್ತಿದ್ದರು. ಅದಕ್ಕೆ ಉಳಿದವರ ಹೊಟ್ಟೆಯುರಿ ಬೇರೆ. ನಾನು ಒಂದೆರಡು ಸಲ ‘ನನಗೂ ಬಡೀರಿ’ ಎಂದು ಕೈ ಚಾಚಿದ್ದುಂಟು. ಬಡಿಯಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹಿಂದಿನ ಗೋಡೆಗೆ ಒರಗಿ ಒಬ್ಬಳೇ ಕೂಡುತ್ತಿದ್ದೆ. ಒಂಟಿಯಾಗಿ ಕೂಡುವುದನ್ನು ಆಗ ಕಲಿತದ್ದು ಇನ್ನೂ ಬಿಟ್ಟಿಲ್ಲ.

ಆ ದಿನಗಳಲ್ಲಿ ನನ್ನ ಪಾಲಿಗೆ ಇದ್ದವರು ದೇವಿ ಕಾಕಾ. ಎರಡು ಮೂರು ತಿಂಗಳಿಗೊಮ್ಮೆ ಐತವಾರ ಬರುತ್ತಿದ್ದರು, ಆಯುಧದ ಚೀಲವಿಲ್ಲದೆ. ಅವ್ವ ಅವರಿಗೆ ಚಹಾ ಕೊಡುತ್ತಿದ್ದಳು, ಆದರೆ ಬೇರೆ ಕಪ್ಪಿನಲ್ಲಿ. ಅದನ್ನು ಅವರೇ ತೊಳೆದು ಕಟ್ಟೆಯ ಗೋಡೆಯಲ್ಲಿದ್ದ ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ಒಮ್ಮೆ ನನಗೆ ತಿನ್ನಲೆಂದು ತಂದ ಸವಣೂರ ಖಾರದ ಪುಡಿಕೆ ಬಿಚ್ಚುತ್ತ ಹೇಳಿದರು:

“ನಿನ್ನಂಥವರು ಇನ್ನೂ ಇಬ್ಬರು ಸಿಕ್ಕಾರ. ಮಾಸೂರಾಗ ಒಬ್ಬ ಹುಡುಗ. ಹಾನಗಲ್ಲ ಕಡೆ ಒಬ್ಬಾಕಿ, ನಿನಗಿಂತ ಸಣ್ಣಾಕಿ.”

ಜಗತ್ತಿನಲ್ಲಿ ನಾನೊಬ್ಬಳೇ ಹೀಗೆ ಎಂದುಕೊಂಡಿದ್ದವಳಿಗೆ ಆ ಮಾತು ಎಂಥದಾಗಿತ್ತೆಂದು ಹೇಳಲಾರೆ. ಆ ರಾತ್ರಿಯಿಡೀ ಮಾಸೂರಿನ ಹುಡುಗನ ಮುಖ ಹೇಗಿರಬಹುದೆಂದು ಊಹಿಸಿದೆ. ಮುಂದಿನ ಸಲ ಕಾಕಾ ಅವನ ಮಾತು ಹೊತ್ತು ಬಂದರು: ‘ಆಕಿ ಹಲ್ಲು ಬಿದ್ದಾವೇನು ಕೇಳ್ರಿ. ನನ್ನ ಮುಂದಿನ ಹಲ್ಲು ಬಿತ್ತು. ಎರಡು ದಿನಾ ನಿಲ್ಲಲಿಲ್ಲ. ಆಮ್ಯಾಲ ನಿಂತಿತು. ಅಂಜಬ್ಯಾಡ ಅಂತ ಹೇಳ್ರಿ.’ ನನ್ನ ಹಲ್ಲೂ ಆಗ ಅಲುಗಾಡುತ್ತಿತ್ತು, ಅಂಜಿಕೆಯಿಂದ ಊಟ ಬಿಟ್ಟಿದ್ದೆ. ಅವನ ಮಾತು ಕೇಳಿ ರೊಟ್ಟಿ ತಿಂದೆ. ಅವನು ಮದಗದ ಕೆರೆಯ ದಂಡೆಯಲ್ಲಿ ಆರಿಸಿದ ಒಂದು ಬಿಳಿ ಕಪ್ಪೆಚಿಪ್ಪು ಕಳಿಸಿದ. ನಾನು ನನ್ನ ಪಾಟಿಯ ಕಡ್ಡಿ ಕಳಿಸಿದೆ. ಮೂವರನ್ನೂ ಒಮ್ಮೆ ಸವಣೂರಿನ ದೊಡ್ಡಹುಣಸೆ ಮರದ ಕೆಳಗೆ ಕೂಡಿಸುತ್ತೇನೆ ಎನ್ನುತ್ತಿದ್ದರು ಕಾಕಾ. ಹತ್ತು ಮಂದಿ ಕೈ ಕೈ ಹಿಡಿದರೂ ಆ ಮರವನ್ನು ತಬ್ಬಲಾಗುವುದಿಲ್ಲ ಎಂದು ಆಸೆ ಹಚ್ಚುತ್ತಿದ್ದರು.

ನಮ್ಮ ಸಲುವಾಗಿ ಅವರು ಕಚೇರಿಗಳಿಗೆ ಅರ್ಜಿ ಹಿಡಿದು ಅಲೆದದ್ದು ನನಗೆ ಗೊತ್ತಾದದ್ದು ಅಪ್ಪನೊಂದಿಗೆ ಅವರು ಆಡಿದ ಮಾತಿನಿಂದ. ಇಂಥ ಮಕ್ಕಳ ಹೆಸರನ್ನು ಪ್ರತಿ ದವಾಖಾನೆಯ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಬೇಕು, ಬಂದ ಕೂಡಲೇ ಗುರುತಾಗಬೇಕು ಎಂಬುದಷ್ಟೇ ಅವರ ಬೇಡಿಕೆ. ಒಬ್ಬ ಅಧಿಕಾರಿ, ಮೂರು ಮಂದಿ ಸಲುವಾಗಿ ಸರಕಾರ ಹೊಸ ಪುಸ್ತಕ ತೆಗೆಯುತ್ತದೆಯೇ ಎಂದು ನಕ್ಕನಂತೆ. “ನಾಲ್ಕನೇದವರು ಸಿಕ್ಕಿದ್ರ...” ಎಂದು ಸುರುಮಾಡಿದ ಕಾಕಾ ತಟ್ಟನೆ ನಾಲಿಗೆ ಕಚ್ಚಿಕೊಂಡು, “ತೋಬಾ, ಯಾರ ಮನ್ಯಾಗೂ ಹಂಗ ಆಗೂದು ಬ್ಯಾಡ” ಎಂದು ಕೆನ್ನೆ ಬಡಿದುಕೊಂಡಿದ್ದರು.

ಸರಕಾರ ಬರೆದಿಡದಿದ್ದರೆ ಮಕ್ಕಳ ಹತ್ತಿರವೇ ಬರಹವಿರಲಿ ಎಂದು ಅವರು ಒಂದೊಂದು ಚೀಟಿ ಬರೆದುಕೊಟ್ಟರು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿರಿ ಎಂದರು. ನಮ್ಮವ್ವ ಅದನ್ನು ಜಗಲಿಯ ಮೇಲೆ ದೇವರ ಪಕ್ಕ ಇಟ್ಟಳು, ಒರಲೆ ತಿಂದಿತು. ಮಾಸೂರಿನ ಹುಡುಗನ ಅಜ್ಜಿ ಅವನ ಚೀಟಿಯಿಂದ ಒಲೆ ಹೊತ್ತಿಸಿದ್ದಳು. ಕಾಕಾ ಬಹಳ ದಿನ ಯೋಚಿಸಿರಬೇಕು. ನಮ್ಮ ಸೀಮೆಯ ಮಗುವಿನ ಮೈಮೇಲೆ, ಹಿಂದೂ ಆಗಲಿ ಮುಸಲ್ಮಾನರಾಗಲಿ, ಜಳಕಕ್ಕೂ ತೆಗೆಯದೆ ಇರುವ ವಸ್ತು ಯಾವುದು? ತಾಯಿತ. ಸವಣೂರಿನ ತಾಮ್ರಗಾರನ ಹತ್ತಿರ ಮೂರು ಕೊಳವೆ ಮಾಡಿಸಿದರು. ಚೀಟಿ ಸುತ್ತಿ ಒಳಗಿಟ್ಟರು. ಬೆವರು, ಕೆರೆಯ ನೀರು ಹೋಗಬಾರದೆಂದು ನಮ್ಮ ಕಟ್ಟೆಯ ಮೇಲೆಯೇ ಸ್ಪಿರಿಟ್ಟಿನ ದೀಪ ಹಚ್ಚಿ ಅರಗು ಕಾಯಿಸಿ ಎರಡೂ ಬಾಯಿ ಮುಚ್ಚಿದರು. ಆ ವಾಸನೆಯೇ ಈಗ ನನ್ನ ಬೆರಳಿಗೆ ಅಂಟಿದ್ದು.

“ಇದರಾಗ ಮಂತ್ರ ಏನೂ ಇಲ್ಲವ್ವಾ. ಡಾಕ್ಟರಿಗೆ ಹೇಳೂ ಮಾತು ಐತಿ. ಹೊತ್ತು ಬಂದ್ರ ಒಡದು ತೋರಸ್ರಿ.”

ಅವ್ವ ತಲೆಯಾಡಿಸಿದಳು. ಕಾಕಾ ಅಗಸಿ ದಾಟುವುದರೊಳಗೆ ತಾಯಿತಕ್ಕೆ ವಿಭೂತಿ ಹಚ್ಚಿದಳು. ಸೋಮವಾರ ಗುಡಿಯಲ್ಲಿಟ್ಟು ತಂದಳು, ಗುರುವಾರ ದರ್ಗಾದ ಊದಿನ ಹೊಗೆ ಹಿಡಿಸಿದಳು, ಆಮೇಲೆ ನನ್ನ ಕೊರಳಿಗೆ ಕಟ್ಟಿದಳು. ಮುಂದಿನ ಸಲ ಬಂದಾಗ ಕಾಕಾ ಅದರ ಮೇಲಿನ ವಿಭೂತಿ ನೋಡಿ ಜೋರಾಗಿ ನಕ್ಕರು. “ಇರ್ಲಿ. ಹಂಗಾದ್ರೂ ಕೊಳ್ಳಾಗ ಇರ್ಲಿ” ಎಂದರು. ಅವರ ನಗು ಚಂದ ಇತ್ತು. ಆ ದಿನ ನಗದೆ ಜಗಳ ಮಾಡಿದ್ದರೆ... ಎಂದು ಆಮೇಲೆ ಅವರೂ ಎಷ್ಟು ಸಲ ಅಂದುಕೊಂಡರೋ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ನನಗೆ ಹೇಳಿಕೊಳ್ಳುವಂಥ ರಕ್ತಸ್ರಾವ ಆಗಲಿಲ್ಲ. ಅದು ತಾಯಿತದ ಶಕ್ತಿ ಎಂದು ಅವ್ವ ಹತ್ತು ಮಂದಿಯ ಮುಂದೆ ಹೇಳಿದಳು.

ಮಾಸೂರಿನ ಹುಡುಗನಿಗೆ ಒಂದು ಬೇಸಿಗೆಯಲ್ಲಿ ಹೊಟ್ಟೆನೋವು ಬಂತು. ಗದ್ದೆಯ ಬದುವಿನ ಮೇಲಿಂದ ಬಿದ್ದಿದ್ದನಂತೆ, ಮನೆಯಲ್ಲಿ ಹೇಳಿರಲಿಲ್ಲ. ಯಾವುದೋ ಪೇಟೆಯ ದವಾಖಾನೆಗೆ ಒಯ್ದರು. ಯಾವ ಊರಿನದು ಎಂದು ನಾನು ಕೇಳಲಿಲ್ಲ. ಡಾಕ್ಟರು, ಕರುಳಿನ ಬೇನೆ, ಕೂಡಲೇ ಕೊಯ್ಯಬೇಕು, ಮೊದಲು ಏನಾದರೂ ರೋಗ ಇತ್ತೇ ಎಂದು ಕೇಳಿದರು. ಅವನಿಗೆ ಮದುವೆಯ ವಯಸ್ಸಿಗೆ ಬಂದ ಅಕ್ಕಂದಿರಿಬ್ಬರಿದ್ದರು. ತಂದೆ, ಏನೂ ಇಲ್ಲ ಎಂದ. ಒಳಗೆ ಒಯ್ಯುವಾಗ ನರ್ಸು, ಕೊರಳಲ್ಲಿದ್ದುದನ್ನು ತೆಗೆಯಿರಿ ಎಂದಳು. ಅಜ್ಜಿ ದಾರ ಕೊಯ್ಯಲು ಬಿಡದೆ ತಲೆಯಿಂದ ಮೇಲೆತ್ತಿ ತೆಗೆದುಕೊಂಡಳು. ಒಳಗೆ ಹುಡುಗನ ಹೊಟ್ಟೆ ಕೊಯ್ದರು. ಹೊರಗೆ ಅಜ್ಜಿ ಆ ತಾಯಿತವನ್ನು ಎರಡೂ ಕೈಯಲ್ಲಿ ಮುಚ್ಚಿ ಕಣ್ಣಿಗೊತ್ತಿಕೊಂಡು ಮೊಮ್ಮಗನನ್ನು ಉಳಿಸೆಂದು ಬೇಡುತ್ತ ಕೂತಳು. ಕೊಯ್ಯಬೇಡಿ ಎಂಬ ಮಾತು ಅವಳ ಅಂಗೈಯೊಳಗೇ ಇತ್ತು.

ಇದನ್ನು ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು. ಆ ದಿನ ಚಹಾ ಮುಟ್ಟಲಿಲ್ಲ. ಮಣ್ಣು ಕೊಟ್ಟ ಮೇಲೆ ಹುಡುಗನ ತಂದೆ ಅವರನ್ನು ಬೈಯಲಿಲ್ಲವಂತೆ. ಒಂದೇ ಮಾತು ಕೇಳಿದನಂತೆ: “ಹೇಳಬೇಕಾದ ಮಾತಿಗೆ ಅರಗ ಯಾಕ ಹಚ್ಚಿದ್ರಿ ಸಾಹೇಬರ?”

“ಖರೇ ಕೇಳಿದ ಅವ” ಎಂದು ಕಾಕಾ ಎರಡು ಸಲ ಹೇಳಿದರು. ನಾನು ಒಳಗೆ ಹೋಗಿ ಕಪ್ಪೆಚಿಪ್ಪು ತೆಗೆದು ನೋಡಿದೆ. ಒಮ್ಮೆಯೂ ಕಾಣದ ಒಬ್ಬನಿಗಾಗಿ ಅಷ್ಟು ಅತ್ತದ್ದು ಅದೇ ಮೊದಲು. ಅವನ ಹಲ್ಲು ಪೂರ್ತಿ ಹುಟ್ಟಿದ್ದವೋ ಇಲ್ಲವೋ.

ಒಂದು ತಿಂಗಳಿಗೆ ಅವರು ಮತ್ತೆ ಬಂದರು. ಕೈಯಲ್ಲಿ ಹಿತ್ತಾಳೆಯ ಬಿಲ್ಲೆ. ಕಚೇರಿಯ ಪಟ್ಟೆವಾಲ ಜವಾನರ ಎದೆಯ ಮೇಲೆ ಇರುತ್ತದಲ್ಲ, ಅಂಥದು. ಅದರ ಮೇಲೆ ಉಳಿಯಿಂದ ಕೆತ್ತಿಸಿದ್ದರು: ‘ಈ ಮಗುವಿನ ರಕ್ತ ನಿಲ್ಲುವುದಿಲ್ಲ.’ ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ. ತಾಯಿತ ವಾಪಸು ಕೊಡಿರಿ, ಅದನ್ನು ಒಡೆದುಹಾಕುತ್ತೇನೆ, ಇನ್ನು ಮುಂದೆ ಇದು ಎದೆಯ ಮೇಲಿರಲಿ, ಕಣ್ಣಿದ್ದವರೆಲ್ಲ ಓದಲಿ ಎಂದರು.

ಅವರ ಸೈಕಲ್ಲು ಅಗಸಿಯಲ್ಲಿ ಕಂಡಿದೆ ಎಂಬ ಸುದ್ದಿ ಮೊದಲೇ ಬಂದಿತ್ತು. ಹಾನಗಲ್ಲ ಕಡೆಯ ಮನೆಯಲ್ಲಿ ತಾಯಿತ ಕೇಳಿ ಪಡೆದು ಕಣ್ಣ ಮುಂದೆಯೇ ಒಡೆದರೆಂಬ ಸುದ್ದಿಯೂ ಸಂತೆಯಿಂದ ಸಂತೆಗೆ ನಡೆದು ನಮ್ಮೂರು ಮುಟ್ಟಿತ್ತು. ಅವ್ವ ನನ್ನ ಕೊರಳಿನ ದಾರ ಬಿಚ್ಚಿ ತಾಯಿತವನ್ನು ಜೋಳದ ಗಡಿಗೆಯೊಳಗೆ ಹುಗಿದಿದ್ದಳು. ಶಕ್ತಿ ಹೋಗುತ್ತದೆಂಬ ಹೆದರಿಕೆ ಒಂದು. ಇನ್ನೊಂದನ್ನು ನನ್ನ ಕಿವಿಯಲ್ಲಿ ಹೇಳಿದ್ದಳು:

“ಎದಿ ಮ್ಯಾಲ ಬರಕೊಂಡು ತಿರಗಿದ್ರ ನಾಳೆ ಯಾರು ಲಗ್ನಾ ಮಾಡ್ಕೋತಾರ? ಕೇಳಿದ್ರ ಕಳದ ಹೋತು ಅನ್ನು. ಇಲ್ಲಂದ್ರ ನನ್ನ ಹೆಣಾ ನೋಡ್ತಿ.”

ಅಪ್ಪ ಹೊಲದಲ್ಲಿದ್ದ. ಕಾಕಾ ಅವ್ವನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು. ಹನ್ನೊಂದು ವರ್ಷದವಳು ನಾನು, ಸುಳ್ಳು ಹೇಳುವಾಗ ಎಲ್ಲಿ ನೋಡಬೇಕೆಂದು ಗೊತ್ತಿರಲಿಲ್ಲ. ಅವರ ಸೈಕಲ್ಲಿನ ಗಾಲಿ ನೋಡುತ್ತ ಹೇಳಿದೆ:

“ಕಳದ ಹೋತ್ರಿ ಕಾಕಾ. ಕೆರ್ಯಾಗ ಬಿತ್ತು.”

ಅವರು ನನ್ನ ಕೊರಳು ನೋಡಿದರು. ಎರಡು ವರ್ಷ ದಾರ ಕೂತಿದ್ದ ಜಾಗದಲ್ಲಿ ಬಿಸಿಲು ಕಾಣದ ಬಿಳಿಗೆರೆ ಇತ್ತು. ಒಂದು ಗಳಿಗೆಯ ಹಿಂದೆ ಬಿಚ್ಚಿದ ದಾರದ ಎಳೆಗಳ ಗುರುತು ಕೂಡ ಚರ್ಮದ ಮೇಲೆ ಇದ್ದಿರಬೇಕು. ಕೂಸುಗಳ ಮೈ ನೋಡಿಯೇ ಹೊಟ್ಟೆ ಹೊರೆದುಕೊಂಡವರು ಅವರು, ಅವರ ಕಣ್ಣಿಗೆ ಮಣ್ಣೆರಚಲು ನನ್ನಿಂದ ಆಗುತ್ತದೆಯೇ. ನನ್ನ ತಲೆಯ ಮೇಲೆ ಕೈಯಿಟ್ಟು, ಬಿಲ್ಲೆಯನ್ನು ಗೂಡಿನಲ್ಲಿ ಕಪ್ಪಿನ ಪಕ್ಕ ಇಟ್ಟು, ಸೈಕಲ್ಲು ಹತ್ತದೆ ದೂಡಿಕೊಂಡೇ ಹೋದರು. ನನಗೆ ಕೂಗಿ ಕರೆಯಬೇಕೆನಿಸಿತು. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾನು ಕರೆಯಲಿಲ್ಲ.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ನಮ್ಮೂರಿಗೆ ದೇವಿ ಹಾಕಲು ಬೇರೊಬ್ಬರು ಬಂದರು. ಸುಳ್ಳಿನ ಸುದ್ದಿ ತಿಳಿದು ಅಪ್ಪ ಅವ್ವನ ಮೇಲೆ ಕೈ ಎತ್ತಿ, ಇಳಿಸಿ, ಎರಡು ದಿನ ಮಾತು ಬಿಟ್ಟ. ಸವಣೂರಿಗೆ ಒಂದೆರಡು ಸಲ ಹೋಗಿ ಬಂದ. ಸಿಕ್ಕರೋ ಇಲ್ಲವೋ ಹೇಳಲಿಲ್ಲ. ಬಿಲ್ಲೆಯನ್ನು ಅವ್ವ ಯಾವಾಗಲೋ ಹಳೆಯ ಹಿತ್ತಾಳೆಯ ಜೊತೆ ತೂಕಕ್ಕೆ ಹಾಕಿಬಿಟ್ಟಳು. ತಾಯಿತ ನನ್ನ ಕೊರಳಿಗೆ ಮರಳಿತು. ನನ್ನ ಲಗ್ನವೇನೂ ಆಗಲಿಲ್ಲ. ಊರಿಗೆ ಗೊತ್ತಿರುವುದನ್ನು ಮುಚ್ಚಿದರೆ ಮುಚ್ಚುತ್ತದೆಯೇ. ‘ಊರ ಬಾಯಿಗೆ ಮುಚ್ಚಳ ಇಲ್ಲ’ ಎಂದು ಅವ್ವನೇ ಹೇಳುತ್ತಿದ್ದಳು, ತನ್ನ ಸರದಿ ಬಂದಾಗ ಮರೆತಿದ್ದಳು.

ಅವರನ್ನು ಮತ್ತೊಮ್ಮೆ ಕಂಡದ್ದು ಶಿಗ್ಗಾಂವದ ಬಸ್‌ಸ್ಟ್ಯಾಂಡಿನಲ್ಲಿ. ನನಗೆ ಹದಿನಾರೋ ಹದಿನೇಳೋ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಖಾಕಿ ಚೀಲ ತೊಡೆಯ ಮೇಲಿಟ್ಟುಕೊಂಡು ಒಂದು ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರು. ಅವರ ಆಚೆ ಈಚೆ ಜಾಗ ಖಾಲಿ ಇತ್ತು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ತಾಯಿತ ಕೊರಳಲ್ಲಿತ್ತು. ಕೈ ತಾನಾಗಿಯೇ ಸೆರಗನ್ನು ಕೊರಳ ತುಂಬ ಎಳೆದುಕೊಂಡಿತು. ಹೋಗಿ ಎರಡು ಮಾತಾಡಬಹುದಿತ್ತು. ನಾಚಿಕೆಯೋ ಹೆದರಿಕೆಯೋ... ನನ್ನ ಬಸ್ಸು ಬಂತು, ಹತ್ತಿದೆ. ಕಿಡಕಿಯಿಂದ ನೋಡಿದರೆ ಅವರು ನನ್ನ ಕಡೆಯೇ ನೋಡುತ್ತಿದ್ದರು. ಗುರುತು ಹಿಡಿದಿದ್ದರೋ ಏನೋ.

ಮಾಸ್ತರಿಕೆಯ ತರಬೇತಿ ಮುಗಿಸಿದ ವರ್ಷ ಧೈರ್ಯ ಮಾಡಿ ಸವಣೂರಿಗೆ ಹೋದೆ. ತಾಮ್ರಗಾರರ ಓಣಿಯಲ್ಲಿ ಕೇಳಿದೆ. ಆ ಕೊಳವೆ ಮಾಡಿದ ಮುದುಕ ಸುತ್ತಿಗೆ ಕೆಳಗಿಟ್ಟು, “ಅವರು ಹೋಗಿ ವರ್ಷದ ಮ್ಯಾಲಾತವ್ವಾ. ಮನ್ಯಾಗ ಯಾರೂ ಇದ್ದಿಲ್ಲ. ಮುಂಜಾನಿ ಬಾಗಿಲ ತಗದಿಲ್ಲಂತ ನಾವ ಹೋಗಿ ನೋಡಿದ್ವಿ” ಎಂದ. ದೊಡ್ಡಹುಣಸೆ ಮರ ನೋಡಿ ಬಂದೆ. ಒಬ್ಬಳೇ ಅದರ ಬೊಡ್ಡೆಗೆ ಕೈ ಚಾಚಿ ನಿಂತೆ. ತೋಳು ಎಲ್ಲಿಗೂ ಸಾಲಲಿಲ್ಲ. ಮನೆಗೆ ಬಂದು ತಾಯಿತ ಬಿಚ್ಚಿ ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಅರಿವೆಯಲ್ಲಿ ಗಂಟು ಕಟ್ಟಿ ಟ್ರಂಕಿನ ತಳಕ್ಕಿಟ್ಟಳು.

ಟ್ರಂಕಿನಿಂದ ತೆಗೆದ ತಾಯಿತವನ್ನು ಹಾಗೆಯೇ ಹಲ್ಲಿನ ಡಾಕ್ಟರ ಹತ್ತಿರ ಒಯ್ದೆ. ಒಡೆಯಲು ನನ್ನ ಕೈ ಬರಲಿಲ್ಲ. ಅರಗು ಎಷ್ಟು ಒಣಗಿತ್ತೆಂದರೆ ಚಿಮಟಿಗೆಯ ತುದಿ ತಾಗಿದ್ದೇ ಹುಡಿಯಾಗಿ ಮೇಜಿನ ಮೇಲೆ ಉದುರಿತು. ಒಳಗಿನ ಕಾಗದ ಮಾತ್ರ ಮೊನ್ನೆ ಸುತ್ತಿಟ್ಟ ಹಾಗಿತ್ತು. ಒಂದು ಮಗ್ಗುಲಿಗೆ ಇಂಗ್ಲಿಷು, ಒಂದು ಮಗ್ಗುಲಿಗೆ ಕನ್ನಡ. ಡಾಕ್ಟರು ದೀಪದ ಕೆಳಗೆ ಹಿಡಿದು ಓದಿದಳು.

‘ಈ ಹುಡುಗಿಯ ರಕ್ತ ನಿಂತರೂ ಮತ್ತೆ ಹರಿಯುತ್ತದೆ. ಚುಚ್ಚಬಾರದು, ಕೊಯ್ಯಬಾರದು. ಕೊಯ್ಯಲೇಬೇಕಾದರೆ ಮೊದಲು ಹೊಸ ರಕ್ತ ಕೊಡಬೇಕು. ಹುಬ್ಬಳ್ಳಿಯಲ್ಲಿ ತಂದೆಯದು ಹೊಂದಲಿಲ್ಲ. ಕೊಟ್ಟದ್ದು ನನ್ನದು, ಹೊಂದಿದೆ. ಮನೆಯವರಿಗೆ ತಿಳಿಸುವ ಅಗತ್ಯವಿಲ್ಲ. ಯಾವ ಹೊತ್ತಿನಲ್ಲಾದರೂ ಆಳು ಕಳಿಸಿರಿ, ಬರುತ್ತೇನೆ.’

ಕೆಳಗೆ ಅವರ ಹೆಸರು, ಸವಣೂರಿನ ಓಣಿಯ ಹೆಸರು.

ಅಪ್ಪ ಕುಡಿಸಿದ ಬಿಸಿ ಹಾಲು ನೆನಪಾಯಿತು. ಅಣಕಕ್ಕೆ ನಗದ ಅಪ್ಪನ ಮುಖ, ಗೂಡಿನಲ್ಲಿ ಬೋರಲು ಬಿದ್ದಿರುತ್ತಿದ್ದ ಆ ಕಪ್ಪು ನೆನಪಾಯಿತು. ನಾನು ಕನ್ನಡಕ ತೆಗೆದೆ.

“ಎಷ್ಟು ಚಂದ ಬರದಾರ. ಇವರು ಯಾರ್ರಿ ಅಜ್ಜಿ? ಆಮ್ಯಾಲ ಕರಸಿದ್ರೇನು ಇವರನ್ನ?”

“ಇಲ್ಲವ್ವಾ. ಕರಸಲಾರದನ ಬಂದಿದ್ರು” ಎಂದೆ. “ಕಳದ ಹೋತು ಅಂತ ನಾನ ಹೊಳ್ಳಿ ಕಳಿಸಿದೆ.”